ಕೇಳದ ಮಾತು, ಉಳಿದ ಗುರುತು

ಪ್ರಶ್ನೆ: ಎಲ್ಲ ಗ್ರಾಹಕರ ಕರೆ ವಿವರಗಳನ್ನೂ ದೂರಸಂಪರ್ಕ ಕಂಪನಿಗಳು ನಿಗದಿತ ಅವಧಿಯವರೆಗೆ ಕಾಯ್ದಿಡಬೇಕೆಂದು ಹಲವು ದೇಶಗಳ ಕಾನೂನು ಕಡ್ಡಾಯಪಡಿಸಿದೆ. ನಮ್ಮ ಮಾತು ಅದರಲ್ಲಿ ದಾಖಲಾಗುವುದಿಲ್ಲವಂತೆ. ಹಾಗಿದ್ದ ಮೇಲೆ, ತಪ್ಪು ಮಾಡದವರು ಏಕೆ ಆತಂಕಪಡಬೇಕು?

ಉತ್ತರ: ಮಾತು ದಾಖಲಾಗುವುದಿಲ್ಲ, ನಿಜ. ಆದರೆ ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಟವರ್‌ನ ವ್ಯಾಪ್ತಿಯಿಂದ, ಎಷ್ಟು ನಿಮಿಷ ಕರೆ ಮಾಡಿದರೆಂಬುದು ದಾಖಲಾಗುತ್ತದೆ. ಒಬ್ಬಾಕೆ ಕ್ಯಾನ್ಸರ್ ತಜ್ಞರಿಗೆ ಕರೆ ಮಾಡಿ, ಆ ಕೂಡಲೇ ಅಕ್ಕನೊಂದಿಗೆ ಒಂದು ಗಂಟೆ ಮಾತನಾಡಿ, ಮರುದಿನ ವಿಮಾ ಕಂಪನಿಯನ್ನು ಸಂಪರ್ಕಿಸಿದರೆ, ಒಂದು ಪದವನ್ನೂ ಕೇಳಿಸಿಕೊಳ್ಳದೆ ಆಕೆಯ ಸಂಕಟವನ್ನು ಊಹಿಸಬಹುದು. ಜರ್ಮನಿಯ ಹಸಿರು ಪಕ್ಷದ ಮಾಲ್ಟೆ ಸ್ಪಿಟ್ಸ್ ತಮ್ಮದೇ ಆರು ತಿಂಗಳ ವಿವರಗಳನ್ನು ಕಂಪನಿಯಿಂದ ಪಡೆದು 2011ರಲ್ಲಿ ಪ್ರಕಟಿಸಿದಾಗ, ಅದರಲ್ಲಿದ್ದ 35,830 ನಮೂದುಗಳು ಅವರ ಪ್ರಯಾಣ, ನಿದ್ರೆ, ಕೆಲಸಗಳ ದಿನಚರಿಯನ್ನೇ ಬಿಡಿಸಿಟ್ಟವು.

ನನ್ನ ಮುಖ್ಯ ಆಕ್ಷೇಪ ಇನ್ನೊಂದಿದೆ. ಸಂಶಯ ಮೊದಲು, ತನಿಖೆ ಆಮೇಲೆ ಎಂಬ ಕ್ರಮವನ್ನು ಈ ಕಾನೂನುಗಳು ತಿರುವುಮುರುವು ಮಾಡುತ್ತವೆ. ಆರು ತಿಂಗಳಿನಿಂದ ಎರಡು ವರ್ಷಗಳವರೆಗೆ ವಿವರಗಳನ್ನು ಉಳಿಸಬೇಕೆಂದಿದ್ದ ಐರೋಪ್ಯ ಒಕ್ಕೂಟದ 2006ರ ನಿರ್ದೇಶನವನ್ನು ಒಕ್ಕೂಟದ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅಸಿಂಧುಗೊಳಿಸಿದ್ದು ಬಹುಮಟ್ಟಿಗೆ ಇದೇ ಕಾರಣಕ್ಕೆ: ಅಪರಾಧದೊಂದಿಗೆ ಯಾವ ನಂಟೂ ಇಲ್ಲದವರನ್ನು ಅದು ಒಳಗೊಂಡಿತ್ತು, ವೃತ್ತಿಗೌಪ್ಯಕ್ಕೆ, ಅಂದರೆ ವೃತ್ತಿಯಲ್ಲಿ ತಿಳಿದ ಗುಟ್ಟನ್ನು ಕಾಯುವ ಹೊಣೆಗೆ, ಬದ್ಧರಾದವರಿಗೂ ವಿನಾಯಿತಿ ಕೊಟ್ಟಿರಲಿಲ್ಲ, ವಿವರಗಳನ್ನು ನೋಡುವ ಮುನ್ನ ನ್ಯಾಯಾಲಯದ ಅಥವಾ ಸ್ವತಂತ್ರ ಸಂಸ್ಥೆಯ ಪರಿಶೀಲನೆ ಬೇಕೆಂದೂ ಹೇಳಿರಲಿಲ್ಲ. ವೃತ್ತಿಗೌಪ್ಯದ ಮಾತು ಸಣ್ಣದಲ್ಲ. ಭ್ರಷ್ಟಾಚಾರದ ಸುಳಿವು ಕೊಡಬೇಕಾದವರು ಪತ್ರಕರ್ತರಿಗೆ ಕರೆ ಮಾಡಲು ಹಿಂಜರಿದರೆ, ಆ ಕರೆಯೂ ಇಲ್ಲ, ಸುದ್ದಿಯೂ ಇಲ್ಲ. ಇಂಥ ನಷ್ಟ ಯಾವ ದಾಖಲೆಯಲ್ಲೂ ಕಾಣಿಸುವುದಿಲ್ಲ.

ತನಿಖಾಧಿಕಾರಿಗಳ ಕಷ್ಟವನ್ನೂ ನಾನು ಅಲ್ಲಗಳೆಯುವುದಿಲ್ಲ. ಸಂಶಯ ಹುಟ್ಟುವ ಹೊತ್ತಿಗೆ ಹಳೆಯ ವಿವರ ಅಳಿಸಿಹೋಗಿರಬಹುದು. ಆದರೂ ನಿರ್ದಿಷ್ಟ ವ್ಯಕ್ತಿಯ ಲಭ್ಯ ವಿವರಗಳನ್ನು ಅಳಿಸದಂತೆ ತಕ್ಷಣ ಆದೇಶಿಸುವ ದಾರಿಯನ್ನು 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಪ್ಪಂದವೇ ತೋರಿಸಿದೆ. ಆ ಆದೇಶದ ಅವಧಿ ಗರಿಷ್ಠ 90 ದಿನ, ಬೇಕಿದ್ದರೆ ನವೀಕರಿಸಬಹುದು. ಗಂಭೀರ ಅಪರಾಧಗಳ ವಿಷಯದಲ್ಲಿ, ಗೊತ್ತಾದ ವ್ಯಕ್ತಿಗಳಿಗೆ ಅಥವಾ ಪ್ರದೇಶಕ್ಕೆ ಸೀಮಿತವಾದ ಸಂಗ್ರಹವನ್ನು ಐರೋಪ್ಯ ನ್ಯಾಯಾಲಯವೂ 2016ರ ತೀರ್ಪಿನಲ್ಲಿ ತಳ್ಳಿಹಾಕಲಿಲ್ಲ. ಅಷ್ಟನ್ನು ನಾನೂ ಒಪ್ಪುತ್ತೇನೆ. ಎಲ್ಲರ ವಿವರಗಳನ್ನೂ ಕೂಡಿಡುವುದನ್ನು ಒಪ್ಪಲಾರೆ.