ಚಳಿಗೆ ಬೂಸ್ಟ್ ಇಳಿದರೆ ಟರ್ಬೊ ಬದಲಿಸಬೇಕೆ?

ಪ್ರಶ್ನೆ: ನನ್ನದು ಒಂದು ಲೀಟರ್ ಎಂಜಿನ್ನಿನ ಟರ್ಬೊ ಪೆಟ್ರೋಲ್ ಕಾರು. ಒಬಿಡಿ ಪೋರ್ಟ್‌ಗೆ (ಕಾರಿನ ದೋಷ ಪತ್ತೆ ಹಚ್ಚುವ ಕಿಂಡಿ) ಚಿಕ್ಕ ಸಾಧನವೊಂದನ್ನು ಸಿಕ್ಕಿಸಿ ಮೊಬೈಲ್‌ನಲ್ಲಿ ಬೂಸ್ಟ್ (ಹೊರಗಿನ ಒತ್ತಡದ ಮೇಲೆ ಟರ್ಬೊ ಎಂಜಿನ್‌ಗೆ ಅದುಮುವ ಗಾಳಿಯ ಹೆಚ್ಚುವರಿ ಒತ್ತಡ) ನೋಡುವ ಚಟ ಹತ್ತಿದೆ. ಸಕಲೇಶಪುರದ ದಾರಿಯ ಒಂದು ಏರಿನಲ್ಲಿ, ಅದೇ ಗೇರಿನಲ್ಲಿ, ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಇದ್ದಾಗ 0.90 ಬಾರ್ ತೋರಿಸಿತ್ತು. ಡಿಸೆಂಬರ್ ಮುಂಜಾನೆ 12 ಡಿಗ್ರಿ ಚಳಿಯಲ್ಲಿ 0.78 ಮಾತ್ರ. ಆದರೂ ಕಾರು ಚಳಿಯಲ್ಲೇ ಚುರುಕು. ಟರ್ಬೊ ಸೋತಿದೆ, ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಮಂಜು ಒಳಗೆ ಹೋಗಿ ಹೀಗಾಗುತ್ತಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಟರ್ಬೊಗೆ ಯಾರೂ ಕೈಹಾಕದಂತೆ ನೋಡಿಕೊಳ್ಳಿ. ಸೋತ ಟರ್ಬೊ ಇರುವ ಕಾರು ಏರಿನಲ್ಲಿ ಏದುಸಿರು ಬಿಡುತ್ತದೆಯೇ ಹೊರತು ಚುರುಕಾಗುವುದಿಲ್ಲ.

ಮೊಬೈಲ್ ತೋರಿಸುತ್ತಿರುವುದು ಗಾಳಿಯ ಒತ್ತಡವನ್ನು. ಪೆಟ್ರೋಲ್ ಉರಿಯಲು ಬೇಕಾದ್ದು ಇಂತಿಷ್ಟು ತೂಕದ ಗಾಳಿ. ನಿಮ್ಮ ಅಂಕಿಗಳನ್ನೇ ಹಿಡಿದು ನೋಡೋಣ. ಹಾಸನ, ಸಕಲೇಶಪುರಗಳು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿವೆ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ 0.90 ಬಾರ್ ಆಸುಪಾಸು. ಅದನ್ನು ಬೂಸ್ಟ್‌ಗೆ ಕೂಡಿಸಿದರೆ ಏಪ್ರಿಲ್‌ನಲ್ಲಿ 1.80, ಡಿಸೆಂಬರ್‌ನಲ್ಲಿ 1.68. ತಾಪಮಾನಕ್ಕೆ 273 ಸೇರಿಸಿ ಕೆಲ್ವಿನ್‌ಗೆ ತಂದರೆ 305 ಮತ್ತು 285. ಗಾಳಿ ಎಷ್ಟು ದಟ್ಟ ಎಂದು ತಿಳಿಯಲು ಈಗ ಒತ್ತಡವನ್ನು ತಾಪಮಾನದಿಂದ ಭಾಗಿಸಿ. ಎರಡು ಸಲವೂ ಬರುವುದು 0.0059! ಎಂಜಿನ್‌ಗೆ ಎರಡೂ ಹೊತ್ತು ಹೆಚ್ಚುಕಡಿಮೆ ಒಂದೇ ತೂಕದ ಗಾಳಿ ಸಿಕ್ಕಿದೆ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿ ಬರುವ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿರುವುದರಿಂದ ಇದು ಅಂದಾಜಿನ ಲೆಕ್ಕವೇ. ಇಷ್ಟು ಸರಿಯಾಗಿ ಕೂಡಿಬಂದದ್ದು ಕಂಡು ನನಗೂ ನಗು ಬಂತು.

ಇದು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು ಮಾಡುವ ಕೆಲಸ. ಈಗಿನ ಹೆಚ್ಚಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಅದು ನೀವು ಆಕ್ಸಿಲರೇಟರ್ ತುಳಿದಷ್ಟಕ್ಕೆ ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು, ಅದಕ್ಕೆ ಎಷ್ಟು ಗಾಳಿ ಬೇಕು ಎಂದು ಲೆಕ್ಕ ಹಾಕುತ್ತದೆ. ಚಳಿಗೆ ಗಾಳಿ ದಟ್ಟವಾಗಿರುತ್ತದೆ, ಕಡಿಮೆ ಒತ್ತಡಕ್ಕೇ ಬೇಕಾದಷ್ಟು ಸಿಗುತ್ತದೆ. ಆಗ ವೇಸ್ಟ್‌ಗೇಟ್ ಎಂಬ ಕವಾಟ ಇನ್ನಷ್ಟು ತೆರೆದು ಹೊಗೆಯನ್ನು, ಟರ್ಬೊವನ್ನು ತಿರುಗಿಸುವ ಟರ್ಬೈನಿನ ಪಕ್ಕದಿಂದಲೇ ಸಾಗಹಾಕುತ್ತದೆ. ವೇಸ್ಟ್‌ಗೇಟ್‌ಗೆ ಬರೀ ಸ್ಪ್ರಿಂಗ್ ನಂಬಿದ ಹಳೆಯ ಕಾರುಗಳ ಕಥೆ ಬೇರೆ: ಅಲ್ಲಿ ಬೂಸ್ಟ್ ಇದ್ದಷ್ಟೇ ಇರುತ್ತದೆ, ಒಳಹೋಗುವ ಗಾಳಿಯ ತೂಕ ಏರುತ್ತದೆ.

ಗಾಳಿ ಅಷ್ಟೇ ಇದ್ದರೂ ಚುರುಕು ಎಲ್ಲಿಂದ ಬಂತು? ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಟರ್ಬೊದ ದಕ್ಷತೆ ಶೇ 70 ಎಂದಿಟ್ಟುಕೊಂಡರೆ, ಅದರಿಂದ ಹೊರಬೀಳುವ ಗಾಳಿ ನಿಮ್ಮ ಏಪ್ರಿಲ್ ಮಧ್ಯಾಹ್ನ 120 ಡಿಗ್ರಿ ದಾಟಿರುತ್ತದೆ, ಡಿಸೆಂಬರ್‌ನಲ್ಲಿ 90ರ ಸುತ್ತ ನಿಲ್ಲುತ್ತದೆ. ಇಂಟರ್‌ಕೂಲರ್ ಎರಡನ್ನೂ ತಣಿಸುತ್ತದೆ, ಚಳಿಯಲ್ಲಿ ಅದರಿಂದ ಹೊರಬರುವ ಗಾಳಿ ಇನ್ನೂ ತಣ್ಣಗಿರುತ್ತದೆ. ಗಾಳಿ ತಣ್ಣಗಿದ್ದರೆ ಎಂಜಿನ್ ನಾಕಿಂಗ್ (ಇಂಧನ ಅಳತೆ ತಪ್ಪಿ ತಾನೇ ಹೊತ್ತಿಕೊಂಡು ಬಡಿಯುವುದು) ಆಗುವ ಭಯ ಕಡಿಮೆ, ಹಾಗಾಗಿ ಇಸಿಯು ಕಿಡಿಯನ್ನು ತುಸು ಮುಂಚೆಯೇ ಹಾರಿಸುತ್ತದೆ. ನಿಮಗೆ ಸಿಕ್ಕ ಚುರುಕು ಅದು.

ಮಂಜಿನ ಮೇಲೆ ತಪ್ಪು ಹೊರಿಸಬೇಡಿ. 12 ಡಿಗ್ರಿಯ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದರಲ್ಲಿ ನೀರಾವಿ ಶೇ 1.5ರಷ್ಟು. ಮೇ ತಿಂಗಳ ಮಂಗಳೂರಿನ ಗಾಳಿಯಲ್ಲಿ ಅದರ ಎರಡು ಪಟ್ಟು ಇರುತ್ತದೆ. ಅಂದಹಾಗೆ, ಶಿರಾಡಿ ಘಾಟಿ ಇಳಿದು ಕರಾವಳಿ ತಲುಪಿದಾಗಲೂ ಬೂಸ್ಟ್ ಕಡಿಮೆ ಕಂಡೀತು, ಗಾಬರಿಯಾಗಬೇಡಿ. ಅಲ್ಲಿ ಹೊರಗಿನ ಒತ್ತಡವೇ ಹೆಚ್ಚು.

ಇನ್ನು ಎಂಜಿನ್ ಬಿಸಿಯಾಗುವ ಮೊದಲಿನ ಅಂಕಿಯನ್ನು ನಂಬಲೇಬೇಡಿ, ಆಗ ಇಸಿಯು ತಾನೇ ಬೂಸ್ಟ್ ತಗ್ಗಿಸುವುದುಂಟು. ಆಯಿಲ್ ಮಂದವಾಗಿರುತ್ತದೆ, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಶಾಫ್ಟ್ ಆ ಆಯಿಲ್‌ನ ತೆಳುಪದರದ ಮೇಲೆಯೇ ತೇಲಬೇಕು. ಮನೆ ಮುಂದೆ ಹತ್ತು ನಿಮಿಷ ಎಂಜಿನ್ ಓಡಿಸುತ್ತ ನಿಲ್ಲಬೇಕಿಲ್ಲ. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ನಾಲ್ಕೈದು ಕಿ.ಮೀ. ಮೆಲ್ಲಗೆ ಓಡಿಸಿ.

ಬೂಸ್ಟ್ ಇಳಿದು ಕಾರೂ ಮಂಕಾದರೆ, ವೇಗ ಹೆಚ್ಚಿಸುವಾಗ ಬಾನೆಟ್ ಕೆಳಗಿಂದ ‘ಉಸ್’ ಎಂಬ ಸದ್ದು ಬಂದರೆ ಅಥವಾ ಬೂಸ್ಟ್ ಸಾಲದು ಎಂದು ಹೇಳುವ ಪಿ0299 ಕೋಡ್ ಕಂಡರೆ ಗ್ಯಾರೇಜಿಗೆ ಹೋಗಿ. ಆಗಲೂ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು, ಅವುಗಳ ಕ್ಲ್ಯಾಂಪ್‌ಗಳನ್ನು ಮೊದಲು ನೋಡಲು ಹೇಳಿ.

ಚಳಿಗೆ ನಿಜವಾಗಿ ಇಳಿದು ತೊಂದರೆ ಕೊಡುವ ಒತ್ತಡ ಟೈರುಗಳದ್ದು. ಏಪ್ರಿಲ್‌ನಲ್ಲಿ 33 ಪಿಎಸ್‌ಐ ತುಂಬಿಸಿದ್ದರೆ ನಿಮ್ಮ ಆ ಡಿಸೆಂಬರ್ ಮುಂಜಾನೆ ಚಳಿಯೊಂದರಿಂದಲೇ 30ಕ್ಕೆ ಬಂದಿರುತ್ತದೆ. ಕಡೆಯ ಬಾರಿ ನೋಡಿಸಿದ್ದು ಯಾವಾಗ?