ಪ್ರತಿಕ್ರಿಯೆ: ಕೀಬೋರ್ಡ್ ಮೊದಲ ಬಾಕ್ಸ್ ಬಿಡುತ್ತಿಲ್ಲ ಅಂದವರಿಗೆ

ನಮಸ್ಕಾರ. ಇಳಕಲ್ ಸೀರೆ ಅಂಗಡಿಯ ಆಂಡ್ರಾಯ್ಡ್ ಬಿಲ್ಲಿಂಗ್ ಆ್ಯಪ್‌ಗೆ ನೀವೇ ಮಾಡಿದ ಕೀಬೋರ್ಡ್, ಎರಡನೇ ಬಾಕ್ಸ್ ಮುಟ್ಟಿದರೂ ಮೊದಲನೆಯದರಲ್ಲೇ ಬರೆಯುತ್ತದೆ ಅಂದಿರಿ. ಇನ್‌ಪುಟ್‌ಕನೆಕ್ಷನ್ (ಕೀಬೋರ್ಡ್‌ನಲ್ಲಿ ಒತ್ತಿದ್ದನ್ನು ಬಾಕ್ಸ್‌ಗೆ ತಲುಪಿಸುವ ಕೊಂಡಿ) ಅನ್ನು ಕೀಬೋರ್ಡ್‌ಗೆ ಒಂದೇ ಸಲ ಕೊಟ್ಟು ಬಿಟ್ಟಿರಬೇಕು, ಅಲ್ವಾ? ಅದು ಆಯಾ ಎಡಿಟ್‌ಟೆಕ್ಸ್ಟ್‌ಗೆ, ಅಂದರೆ ಆಯಾ ಬರೆಯುವ ಬಾಕ್ಸ್‌ಗೆ, ಸೇರಿದ್ದು. ಫೋಕಸ್ (ಕರ್ಸರ್ ಇರುವ ಬಾಕ್ಸ್) ಬದಲಾದಾಗಲೆಲ್ಲ ಹೊಸ ಬಾಕ್ಸ್‌ನ ಆನ್‌ಕ್ರಿಯೇಟ್‌ಇನ್‌ಪುಟ್‌ಕನೆಕ್ಷನ್ ಕರೆದು, ಸಿಕ್ಕಿದ್ದನ್ನು ಕೀಬೋರ್ಡ್‌ಗೆ ಕೊಡಿ.

ಫೋನಿನ ಕೀಬೋರ್ಡ್ ಏಳದಿರಲು ಸೆಟ್‌ಶೋಸಾಫ್ಟ್‌ಇನ್‌ಪುಟ್‌ಆನ್‌ಫೋಕಸ್‌ಗೆ ಫಾಲ್ಸ್ ಕೊಟ್ಟರೆ ಸಾಕು. ಆಂಡ್ರಾಯ್ಡ್ 5.0ರಿಂದ ಇದೆ.

ಅಳಿಸುವ ಕೀ ಕಡೆ ಜಾಸ್ತಿ ಗಮನ ಕೊಡಿ. ಅಕ್ಷರಗಳು ಸೆಲೆಕ್ಟ್ ಆಗಿದ್ದರೆ ಕಮಿಟ್‌ಟೆಕ್ಸ್ಟ್‌ಗೆ ಖಾಲಿ ಸ್ಟ್ರಿಂಗ್ ಕೊಡಬೇಕು. ಇಲ್ಲದಿದ್ದರೆ ಡಿಲೀಟ್‌ಸರೌಂಡಿಂಗ್‌ಟೆಕ್ಸ್ಟ್‌ಗೆ 1, 0 (ಕರ್ಸರ್‌ನ ಹಿಂದೆ ಒಂದು, ಮುಂದೆ ಸೊನ್ನೆ ಅಳಿಸು ಅಂತ). ಆಗ 'ರೊಟ್ಟಿ'ಯಲ್ಲಿ ಗುಡಿಸು ಮಾತ್ರ ಹೋಗಿ 'ರೊಟ್ಟ' ಉಳಿಯುತ್ತದೆ. ಗಾಬರಿ ಬೇಡ, ಕನ್ನಡ ತಿದ್ದುವವರಿಗೆ ಹಾಗೇ ಅನುಕೂಲ. ಒತ್ತಕ್ಷರ ಪೂರ್ತಿ ಹಾರಿಹೋದರೆ ಮತ್ತೆ ಮೊದಲಿಂದ ಒತ್ತಬೇಕಾಗುತ್ತದೆ.