ಹ್ಯಾಂಪ್ಡೆನ್ ಗರ್ನಿ ಶಾಲೆಯ ಹಿನ್ನೆಲೆ

ಮಾನ್ಯರೇ, ಲಂಡನ್ನಿನ ಹ್ಯಾಂಪ್ಡೆನ್ ಗರ್ನಿ ಪ್ರಾಥಮಿಕ ಶಾಲೆ ಎಷ್ಟು ಹಳೆಯದು, ವಾಸ್ತುಶಿಲ್ಪದ ಚರ್ಚೆಗಳಲ್ಲಿ ಅದರ ಹೆಸರು ಏಕೆ ಬರುತ್ತದೆ, ಅದು ಖಾಸಗಿ ಶಾಲೆಯೇ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಅದು ಖಾಸಗಿ ಶಾಲೆಯಲ್ಲ. ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ್ದರೂ ಸರ್ಕಾರದ ಹಣದಿಂದ ನಡೆಯುವ, ಬೋಧನಾ ಶುಲ್ಕವಿಲ್ಲದ ಅನುದಾನಿತ ಶಾಲೆ; ನಮ್ಮ ಅನುದಾನಿತ ಶಾಲೆಗಳಿಗೆ ಸ್ಥೂಲವಾಗಿ ಹೋಲಿಸಬಹುದು. ಇಂಥ ಶಾಲೆಗಳ ಬೇರು, ಚರ್ಚ್ ಶಾಲೆಗಳನ್ನು ತೆರೆಯಲು 1811ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಸೊಸೈಟಿ ಎಂಬ ಸಂಘದಲ್ಲಿದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಪಾಠ ಹೇಳಿಕೊಡುವ ಅದರ ಬೋಧನಾ ಕ್ರಮವನ್ನು ಪಾದ್ರಿ ಆಂಡ್ರ್ಯೂ ಬೆಲ್ ರೂಪಿಸಿದ್ದು ಮದರಾಸಿನ ಅನಾಥಾಲಯದಲ್ಲಿ ಎಂಬುದು ನಮಗೆ ಕುತೂಹಲದ ಸಂಗತಿ.

ಈ ಶಾಲೆ 1863ರಲ್ಲಿ, ಹಿಂದಿನ ವರ್ಷ ನಿಧನರಾದ ಪಾದ್ರಿ ಜಾನ್ ಹ್ಯಾಂಪ್ಡೆನ್ ಗರ್ನಿ ಅವರ ನೆನಪಿಗಾಗಿ ಆರಂಭವಾಯಿತು. ಅದರ ಖ್ಯಾತಿಗೆ ಮುಖ್ಯ ಕಾರಣ 2002ರ ಹೊಸ ಕಟ್ಟಡ. ಇಕ್ಕಟ್ಟಾದ ನಗರದ ನಡುವೆ ವಿಶಾಲ ಮೈದಾನಕ್ಕೆ ಜಾಗವಿಲ್ಲದ್ದರಿಂದ, ಬಿಡಿಪಿ ಸಂಸ್ಥೆಯ ವಾಸ್ತುಶಿಲ್ಪಿಗಳು ತರಗತಿಗಳನ್ನು ಒಂದರ ಮೇಲೊಂದು ಜೋಡಿಸಿ, ಮಹಡಿಗಳಲ್ಲಿಯೇ ಗಾಳಿಗೆ ತೆರೆದ ಆಟದ ಅಂಗಳಗಳನ್ನು ಇಟ್ಟರು. ಮಕ್ಕಳು ದೊಡ್ಡವರಾದಂತೆ ಮೇಲಿನ ಮಹಡಿಗೆ ಏರುತ್ತಾರೆ. ಅದೇ ನಿವೇಶನದಲ್ಲಿ ಕಟ್ಟಿದ ವಸತಿಗೃಹಗಳ ಮಾರಾಟದಿಂದ ವೆಚ್ಚಕ್ಕೆ ದಾರಿಯಾಯಿತು. ಬ್ರಿಟನ್ನಿನ ಪ್ರತಿಷ್ಠಿತ ವಾಸ್ತುಶಿಲ್ಪ ಪ್ರಶಸ್ತಿಯಾದ ಸ್ಟರ್ಲಿಂಗ್ ಪ್ರಶಸ್ತಿಯ ಆ ವರ್ಷದ ಅಂತಿಮ ಪಟ್ಟಿಯಲ್ಲಿ ಕಟ್ಟಡವಿತ್ತು. ಪ್ರಶಸ್ತಿ ಗೇಟ್ಸ್‌ಹೆಡ್ ಸೇತುವೆಯ ಪಾಲಾಯಿತು. ಪರೀಕ್ಷಾ ಫಲಿತಾಂಶಗಳಿಗಿಂತ ಈ ಕಟ್ಟಡವನ್ನೇ ನಾನು ಶಾಲೆಯ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.